ನೂರಾ ಹದಿನೆಂಟನೆಯ ಬಿಲ್ಲೆ

ಪ್ರಶ್ನೆ ಕೇಳುವುದರಲ್ಲಿ ಜಗದಾಂಬಾ ಅವರನ್ನು ಮೀರಿಸುವವರು ಆ ಕಾಲದ ಶಿವಮೊಗ್ಗದಲ್ಲಿ ಇರಲಿಲ್ಲ. ಇದು ಹೊಗಳಿಕೆಯೂ ಹೌದು, ದೂರೂ ಹೌದು. ಸೊಪ್ಪಿನವಳು ಬುಟ್ಟಿ ಇಳಿಸಿದರೆ ಸೊಪ್ಪು ಬಾಡಿದೆಯೇ ಎಂದು ನೋಡುವುದಕ್ಕೆ ಮೊದಲು ಅವಳ ಸೊಸೆಗೆ ಎಷ್ಟು ತಿಂಗಳು, ಮೊದಲ ಹೆರಿಗೆಯಲ್ಲಿ ಏನು ತೊಂದರೆಯಾಗಿತ್ತು, ಈ ಸಲ ತವರಿನವರು ಕರೆದೊಯ್ಯುತ್ತಾರೋ ಇಲ್ಲವೋ ಎಲ್ಲ ತಿಳಿಯಬೇಕು. ಬೇರೆ ಯಾರಾದರೂ ಕೇಳಿದ್ದರೆ ಊರ ಉಸಾಬರಿ ನಿನಗ್ಯಾಕೆ ಎನ್ನಿಸಿಕೊಳ್ಳುತ್ತಿದ್ದರು. ಇವರಿಗೆ ಯಾರೂ ಹಾಗೆ ಅನ್ನಲಿಲ್ಲ. ಅವರ ಹೊಟ್ಟೆಗೆ ಹೋದ ಮಾತು ಮತ್ತೆ ಬಾಯಿಗೆ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ತವರಿನಲ್ಲೂ ಹೇಳಲಾಗದ್ದನ್ನು ಹೆಂಗಸರು ಇವರ ಮುಂದೆ ಹೇಳಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಹಗುರಾಗಿ ಎದ್ದು ಹೋಗುತ್ತಿದ್ದರು.

ಮಂಡಿ ವರ್ತಕ ಶಿವಯೋಗಪ್ಪನವರ ಒಬ್ಬಳೇ ಮಗಳು ಅವರು. ಹದಿಮೂರಕ್ಕೆ ಮದುವೆಯಾಯಿತು. ಇನ್ನೆರಡು ವರ್ಷಕ್ಕೆ, ಊರೂರನ್ನೇ ಬಾಚಿಕೊಂಡು ಹೋದ ಆ ದೊಡ್ಡ ಜ್ವರದಲ್ಲಿ ಗಂಡ ತೀರಿಕೊಂಡ. ಮಗಳು ಗೋಡೆಗೆ ಮುಖ ಮಾಡಿ ಒಂದು ವರ್ಷ ಕೂತಿದ್ದನ್ನು ನೋಡಿ ನೋಡಿ ಶಿವಯೋಗಪ್ಪನವರು ಒಂದು ದಿನ, "ಅತ್ತಿದ್ದು ಸಾಕು ಕಣಮ್ಮಾ, ಇನ್ನು ಓದು" ಅಂದರು. ನೆಂಟರು ಮೂಗು ಮುರಿದರು. ಅವರು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಹೀಗೆ ಜಗದಾಂಬಾ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾದರು. ಸಾವಿರದ ಒಂಬೈನೂರ ಮೂವತ್ತೇಳರ ಬೇಸಿಗೆಯಲ್ಲಿ ಅವರಿಗೆ ಮೂವತ್ನಾಲ್ಕು ವರ್ಷ. ಮಗ್ಗಿ, ಕಾಗುಣಿತ, ಕಸೂತಿ ಮೂರನ್ನೇ ಹದಿನಾಲ್ಕು ವರ್ಷ ಕಲಿಸಿ ಸಾಕಾಗಿತ್ತು. ಹೊರಗೆ ಹೇಳುತ್ತಿರಲಿಲ್ಲ, ಆದರೆ ತಾನು ಇದಕ್ಕಿಂತ ದೊಡ್ಡದೇನೋ ಮಾಡಬಲ್ಲೆ ಎಂಬ ಉರಿ ಒಳಗೆ ಇತ್ತು.

ಆ ಉರಿಗೆ ಗಾಳಿ ಹಾಕಿದವನು ಲಕ್ಷ್ಮೀಕಾಂತ. ಇಪ್ಪತ್ತಾರು ವರ್ಷದ ಹುಡುಗ, ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವನು, ಮಾತಿಗೆ ಮುಂಚೆ ಕನ್ನಡಕ ಒರೆಸುವವನು. ಭದ್ರಾವತಿಯಲ್ಲಿ ಜನ್ನಾಪುರದ ಕಡೆ ಹೊಳೆದಂಡೆಗೆ ಒಂದು ಖಾಸಗಿ ಹೆಂಚಿನ ಕಾರ್ಖಾನೆ ಇತ್ತು. ಅಲ್ಲಿಯ ಕೂಲಿಕಾರರು ಏಕೆ ಮೇಲಿಂದ ಮೇಲೆ ಕೆಲಸ ತಪ್ಪಿಸುತ್ತಾರೆ, ಅವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನು ಸಂಶೋಧನೆ ಮಾಡಿ ಪುಸ್ತಕ ಬರೆಯುವುದು ಅವನ ಆಸೆ. ಗಂಡಸರು ಸರಿಯಾಗಿ ಉತ್ತರ ಕೊಡಲಿಲ್ಲ. ಕೆಲವರು ಅವನನ್ನು ಪೋಲೀಸಿನವನೆಂದು ತಿಳಿದರು, ಕೆಲವರು ಡಾಕ್ಟರೆಂದು ತಿಳಿದು ನಾಲಗೆ ಚಾಚಿದರು. ಇನ್ನು ಹೆಂಗಸರ ಹತ್ತಿರ ಅವನು ಹೋಗುವಂತಿರಲಿಲ್ಲ. ಯಾರೋ ಜಗದಾಂಬಾ ಅವರ ಹೆಸರು ಹೇಳಿದರು.

"ಮನೆಯ ಯಜಮಾನರ ವಿಷಯ ಯಜಮಾನ್ತಿಗೇ ಚೆನ್ನಾಗಿ ಗೊತ್ತಿರುತ್ತೆ ಅಲ್ಲವೇ? ನೀವು ಅವರನ್ನ ಕೇಳಿ ಬರೀಬೇಕು, ಅಷ್ಟೇ" ಅಂದ ಲಕ್ಷ್ಮೀಕಾಂತ, ಶಿವಯೋಗಪ್ಪನವರ ಪಡಸಾಲೆಯಲ್ಲಿ ಕೂತು. "ಒಂದೇ ನಿಯಮ. ಯಾರ ಹೆಸರನ್ನೂ ಬರೆಯಕೂಡದು. ಮನೆಗೊಂದು ನಂಬರು ಹಾಕಿ. ಹೆಸರಿಲ್ಲ ಅಂದರೆ ಜನ ನಿಜ ಹೇಳ್ತಾರೆ. ಪುಸ್ತಕ ಅಚ್ಚಾದಾಗ ನಿಮ್ಮ ಹೆಸರು ಮಾತ್ರ ಮೊದಲನೇ ಪುಟದಲ್ಲಿ ಇರುತ್ತೆ."

ಶಿವಯೋಗಪ್ಪನವರು ಹುಬ್ಬು ಗಂಟಿಕ್ಕಿದರು. "ಕಂಡೋರ ಮನೆ ಒಲೆ ಮುಂದೆ ಕೂತು ಕೇಳಿದ್ದನ್ನ ಪುಸ್ತಕ ಮಾಡ್ತೀರಾ?" ಎಂದು ಕೇಳಿದರು. ಮಗಳು ಆಗಲೇ ಒಪ್ಪಿಕೊಂಡಾಗಿತ್ತು. ಮೊದಲನೆಯ ಪುಟ ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು.

ಬೇಸಿಗೆ ರಜೆ ಶುರುವಾಯಿತು. ಬೆಳಗಿನ ಬಸ್ಸು ಹಿಡಿದು, ಮಲವಗೊಪ್ಪ ದಾಟಿ, ಕೆಂಪು ಧೂಳು ಕುಡಿದು ಭದ್ರಾವತಿಯಲ್ಲಿ ಇಳಿದು, ಕಾರ್ಖಾನೆಯ ಲೈನು ಮನೆಗಳಿಗೆ ನಡೆದು ಹೋಗುವುದು. ಒಂದು ಗೋಡೆಗೆ ಎರಡು ಸಂಸಾರ ಬೆನ್ನು ಕೊಟ್ಟು ಕೂತಂಥ ಸಾಲುಮನೆಗಳು. ಸುತ್ತಲಿನ ಹಳ್ಳಿಗಳವರು, ತಮಿಳರು, ತೆಲುಗರು ಎಲ್ಲ ಅಲ್ಲಿದ್ದರು. ಲಕ್ಷ್ಮೀಕಾಂತ ಕೊಟ್ಟ ಪ್ರಶ್ನೆಗಳು ನೂರಾ ಇಪ್ಪತ್ತು, ಯಾವುದೋ ಸೀಮೆಯ ಪುಸ್ತಕದಿಂದ ಎತ್ತಿದವು. ನಿಮ್ಮ ಯಜಮಾನರು ಬಿಡುವಿನ ವೇಳೆಯಲ್ಲಿ ಯಾವ ಕ್ರೀಡೆಯಲ್ಲಿ ಭಾಗವಹಿಸುತ್ತಾರೆ ಎಂಬುದು ಅದರಲ್ಲೊಂದು. ಅದನ್ನು ಕೇಳಿ ಕರಿಯಮ್ಮ ಎಂಬ ಮುದುಕಿ ನಗುತ್ತಾ ನಗುತ್ತಾ ಕೆಮ್ಮಿ, "ಕ್ರೀಡೇನಾ? ಗೊರಕೆ ಹೊಡಿಯೋದು ಲೆಕ್ಕಕ್ಕೆ ಬರುತ್ತಾ ನೋಡ್ರವ್ವ" ಅಂದಳು. ಎರಡೇ ದಿನಕ್ಕೆ ಜಗದಾಂಬಾ ಆ ಪಟ್ಟಿಯನ್ನು ಚೀಲದಲ್ಲಿಟ್ಟು ತಮ್ಮದೇ ರೀತಿಯಲ್ಲಿ ಕೇಳತೊಡಗಿದರು. ಅಕ್ಕಿ ಆರಿಸುವವರ ಜೊತೆ ಅಕ್ಕಿ ಆರಿಸುತ್ತಾ, ಮಗುವಿಗೆ ಎಣ್ಣೆ ತಿಕ್ಕುವವಳ ಪಕ್ಕದಲ್ಲಿ ಬಟ್ಟಲು ಹಿಡಿದುಕೊಂಡು. ಉತ್ತರಗಳು ಮಳೆಗಾಲದ ಹೊಳೆಯಂತೆ ಬಂದವು.

ಇನ್ನು ನಂಬರಿನ ಮಾತು. ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದುಂಟೇ? ಊರಲ್ಲಿ 'ನಮ್ಮನೆಯವರು', 'ಅವರು', ಇಂಥ ಮಗುವಿನ ಅಪ್ಪ ಎಂದು ನಡೆದುಹೋಗುತ್ತಿತ್ತು. ಲೈನು ಮನೆಗಳಲ್ಲಿ ಎಲ್ಲರ ಮನೆಯಲ್ಲೂ ಒಬ್ಬ 'ಅವರು' ಇದ್ದರೆ ಯಾವ 'ಅವರು' ಎಂದು ತಿಳಿಯಬೇಕಲ್ಲ! ಅದಕ್ಕೆ ಅಲ್ಲಿಯ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಕಾರ್ಖಾನೆಯ ಗೇಟಿನಲ್ಲಿ ಪ್ರತಿಯೊಬ್ಬ ಆಳಿಗೂ ಒಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಒಂದು ನಂಬರು. ಆ ನಂಬರೇ ಗಂಡನ ಹೆಸರಾಯಿತು. "ನಮ್ಮ ಎಪ್ಪತ್ತಾರು ಇನ್ನೂ ಊಟಕ್ಕೆ ಬಂದಿಲ್ಲ", "ನಿಮ್ಮ ಇನ್ನೂರಾ ನಾಲ್ಕಕ್ಕೆ ಜ್ವರ ಬಿಟ್ಟಿತಾ?" ಎಂದು ಬಾವಿಕಟ್ಟೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಜಗದಾಂಬಾ ಅವರಿಗೆ ಇದು ಬಹಳ ಹಿಡಿಸಿತು. ಮನೆಗೊಂದು ನಂಬರು ಹಾಕಿ ಎಂದಿದ್ದನಲ್ಲ ಲಕ್ಷ್ಮೀಕಾಂತ, ಇರುವ ನಂಬರನ್ನು ಬಿಟ್ಟು ಹೊಸದನ್ನು ಹುಟ್ಟಿಸುವುದೇಕೆ? ಮತ್ತೆ ಹುಡುಕಿಕೊಂಡು ಬರಲಿಕ್ಕೂ ಸುಲಭ. ಹೆಸರಂತೂ ಬರೆಯಲಿಲ್ಲ, ಒಂದೇ ಒಂದು ಹೆಸರನ್ನೂ ಬರೆಯಲಿಲ್ಲ. ದುಂಡಗಿನ ಅಕ್ಷರದಲ್ಲಿ ಪುಟದ ತಲೆಯ ಮೇಲೆ ಬಿಲ್ಲೆಯ ನಂಬರು, ಕೆಳಗೆ ಆ ಮನೆಯ ಕಥೆ.

ಬುದ್ಧಿವಂತರು ಮಾಡುವ ತಪ್ಪುಗಳೇ ಹೀಗೆ. ದಡ್ಡರಾಗಿದ್ದರೆ ಒಂದು, ಎರಡು, ಮೂರು ಎಂದು ಹಾಕಿರುತ್ತಿದ್ದರು.

ಮೂರನೆಯ ಸಾಲಿನ ಕೊನೆಯ ಮನೆ ಪುಟ್ಟಲಕ್ಷ್ಮಿಯದು. ಇಪ್ಪತ್ತೆರಡು ವರ್ಷದ ಹೆಣ್ಣು, ಕಂಕುಳಲ್ಲಿ ಒಂದು ಕೂಸು. ಗಂಡ ಕರಿಯಣ್ಣ ಹಳ್ಳಿಯಿಂದ ಬಂದು ನಾಲ್ಕು ವರ್ಷದಿಂದ ಹೆಂಚು ಸುಡುವ ಗೂಡಿನ ಮೇಲೆ ಕೆಲಸದಲ್ಲಿದ್ದ. ಅವಳು ಮೊದಲ ಎರಡು ಸಲ ಏನೂ ಹೇಳಲಿಲ್ಲ. ಮಜ್ಜಿಗೆ ಕೊಟ್ಟು ಕಳಿಸಿದಳು. ಮೂರನೆಯ ಸಲ ಜಗದಾಂಬಾ ಹೊಸಿಲ ಬಳಿ ಕೂತು, "ನಿಮ್ಮ ನೂರಾ ಹದಿನೆಂಟು ತಿಂಗಳಿಗೆ ಎರಡು ದಿನ ತಪ್ಪಿಸ್ತಾರಂತಲ್ಲ, ಹೆಂಡ ಗಿಂಡ ಏನಾದರೂ ಇದೆಯಾ ಮಾರಾಯ್ತಿ?" ಎಂದು ಕೇಳಿದರು.

ಪುಟ್ಟಲಕ್ಷ್ಮಿಗೆ ಸಿಟ್ಟು ಬಂತು. "ಅವ್ರು ಒಂದು ತೊಟ್ಟು ಮುಟ್ಟಲ್ಲ ಅಮ್ಮೋರೆ."

"ಮತ್ತೆ?"

ಅವಳು ಬಾಗಿಲು ಅರ್ಧ ಮುಚ್ಚಿ ಬಂದಳು. "ಈ ಬುಕ್ಕು ಆಫೀಸಿಗೆ ಹೋಗುತ್ತಾ?"

"ಇಲ್ಲಮ್ಮ. ಇದು ಶಾಸ್ತ್ರದ ಬುಕ್ಕು, ಮೈಸೂರಿಗೆ ಹೋಗುತ್ತೆ."

"ಆಣೆ ಮಾಡಿ ಹೇಳ್ತೀರಾ?"

ಜಗದಾಂಬಾ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು, ಒಳಗಿನ ಲಿಂಗದ ಸಮೇತ ಮುಷ್ಟಿಯಲ್ಲಿ ಹಿಡಿದು, "ಲಿಂಗ ಮುಟ್ಟಿ ಹೇಳ್ತೀನಿ, ಹೋಗಲ್ಲ" ಅಂದರು. ಹಾಗೆ ಹೇಳುವಾಗ ಅವರ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಆದರೆ ಬುಕ್ಕು ಯಾರ ಯಾರ ಕೈಗೆ ಹೋಗುತ್ತದೆ ಎಂದು ಲಕ್ಷ್ಮೀಕಾಂತನನ್ನು ಅವರು ಕೇಳಿಯೇ ಇರಲಿಲ್ಲ.

ಆಮೇಲೆ ಪುಟ್ಟಲಕ್ಷ್ಮಿ ಹೇಳಿದಳು. ಕರಿಯಣ್ಣನಿಗೆ ಮೂರ್ಛೆ ರೋಗ. ಚಿಕ್ಕಂದಿನಿಂದ ಇದೆ. ತಿಂಗಳಿಗೆ ಎರಡು ಸಲ, ಹೆಚ್ಚಾಗಿ ಮನೆಯಲ್ಲೇ, ಕಣ್ಣು ಮೇಲೆ ಮಾಡಿ, ಹಲ್ಲು ಕಚ್ಚಿ ಬೀಳುತ್ತಾನೆ. ಕೈಗೆ ಕಬ್ಬಿಣ ಕೊಟ್ಟರೆ ಬೇಗ ತಿಳಿಯುತ್ತದೆ ಎಂದು ದಿಂಬಿನ ಕೆಳಗೆ ಯಾವಾಗಲೂ ಅಡಕತ್ತರಿ ಇಟ್ಟಿರುತ್ತಾಳೆ. ಬಿದ್ದ ಮಾರನೆ ದಿನ ಮೈಕೈ ನೋವು, ಎದ್ದೇಳಲಾಗುವುದಿಲ್ಲ, ಅದಕ್ಕೇ ಕೆಲಸ ತಪ್ಪುವುದು. "ಆಫೀಸಲ್ಲಿ ಗೊತ್ತಾದ್ರೆ ಅವತ್ತೇ ಬಿಲ್ಲೆ ಕಿತ್ಕೊಂಡು ಕಳಿಸ್ತಾರೆ. ಮನೇನೂ ಹೋಗುತ್ತೆ. ಹಳ್ಳೀಲಿ ನಮಗೇನಿದೆ ಅಮ್ಮೋರೆ? ಮೂರ್ಛೆ ರೋಗದೋನು ಅಂತ ಒಬ್ರೂ ಕೂಲಿಗೆ ಕರೆಯಲ್ಲ. ನಾನು ನಿಮಗೆ ಹೇಳಿದ್ದು ಅವ್ರಿಗೂ ಗೊತ್ತಾಗಬಾರದು." ಹೇಳಿ ಮುಗಿಸಿ ಅವಳು ಅತ್ತಳು. ಅತ್ತ ಮೇಲೆ ಅವಳ ಮುಖ ಎಷ್ಟೋ ತಿಳಿಯಾಯಿತು. ಇಂಥ ಮುಖಗಳನ್ನು ನೋಡಿಯೇ ಜಗದಾಂಬಾ ತಮ್ಮ ಕೆಲಸ ಒಳ್ಳೆಯದೆಂದು ನಂಬಿದ್ದರು.

ಮೇ ತಿಂಗಳ ಕೊನೆಗೆ ಎಪ್ಪತ್ತು ಮನೆಗಳ ಕಥೆ ನಾಲ್ಕು ನೋಟುಬುಕ್ಕಾಯಿತು. ಕೊನೆಯದನ್ನು ಕೊಡಲು ಜಗದಾಂಬಾ ಲಕ್ಷ್ಮೀಕಾಂತ ಇಳಿದುಕೊಂಡಿದ್ದ ಬಂಗಲೆಗೆ ಹೋದರು. ಅದು ಕಾರ್ಖಾನೆಯವರದೇ ಬಂಗಲೆ. ಊಟವೂ ಅಲ್ಲಿಂದಲೇ. ಅಷ್ಟು ದಿನ ಅದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ.

ಲಕ್ಷ್ಮೀಕಾಂತ ಬಹಳ ಉತ್ಸಾಹದಲ್ಲಿದ್ದ. "ಜಗದಾಂಬಾ ಅವರೇ, ನಿಮ್ಮ ಕೆಲಸ ನೋಡಿ ಮ್ಯಾನೇಜರು ಬೆರಗಾಗಿಬಿಟ್ಟರು" ಅಂದ.

"ಮ್ಯಾನೇಜರು ಯಾಕೆ ನೋಡಿದರು?"

"ಅವರ ಅನುಮತಿ ಇಲ್ಲದೆ ಲೈನಿಗೆ ಹೋಗೋಕಾಗುತ್ತಾ? ಬರೆದದ್ದನ್ನ ಒಂದು ಸಲ ತೋರಿಸಬೇಕು ಅನ್ನೋ ಷರತ್ತಿನ ಮೇಲೆ ಬಿಟ್ಟದ್ದು. ಹೆಸರಿಲ್ಲವಲ್ಲ, ತೋರಿಸಿದರೆ ಏನಂತೆ ಅಂತ ಮೊದಲ ಮೂರು ಬುಕ್ಕು ಕೊಟ್ಟೆ." ಅವನು ಕನ್ನಡಕ ತೆಗೆದು ಒರೆಸತೊಡಗಿದ. "ಆದರೆ ಒಂದು ವಿಷಯ. ನೀವು ಹಾಕಿದ ನಂಬರು... ಅದು ಅವರ ಹಾಜರಿ ಪುಸ್ತಕದ ನಂಬರೇ ಅಂತೆ. ನನಗೆ ಗೊತ್ತೇ ಇರಲಿಲ್ಲ. ಅವರ ಗುಮಾಸ್ತೆ ನೋಡಿದ ಕೂಡಲೇ ಹೇಳಿದ."

ಜಗದಾಂಬಾ ಕೈಯಲ್ಲಿದ್ದ ಕೊನೆಯ ಬುಕ್ಕನ್ನು ತೆರೆದು ಪುಟದ ತಲೆಯ ಮೇಲಿನ ನಂಬರನ್ನು ನೋಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಮಕ್ಕಳಿಂದ ಎಷ್ಟು ಸಲ ಕಾಪಿ ಬರೆಸಿದ್ದರು! ತಮ್ಮ ದುಂಡಕ್ಷರದ ಪ್ರತಿ ಪುಟವೂ ಕಣ್ಣ ಮುಂದೆ ಬಂತು.

"ನೂರಾ ಹದಿನೆಂಟು?" ಎಂದು ಕೇಳಿದರು.

"ಅದೇ ಹೇಳಬೇಕು ಅಂತಿದ್ದೆ. ಗಾಬರಿಯಾಗಬೇಡಿ. ಮ್ಯಾನೇಜರು ಅವನನ್ನ ಅವತ್ತೇ ತೆಗೆದುಹಾಕ್ತೀನಿ ಅಂದರು. ನಾನೇ ತಡೆದೆ." ಅವನ ಮಾತಿನಲ್ಲಿ ಹೆಮ್ಮೆ ಇತ್ತು. "ಹೆಂಡತಿ ಹೇಳಿದ ಮಾತ್ರಕ್ಕೆ ನಿಜ ಅನ್ನೋದು ಶಾಸ್ತ್ರವಲ್ಲ, ನಾವೇ ಕಣ್ಣಾರೆ ನೋಡಬೇಕು ಅಂದೆ. ಅವನನ್ನ ಮಧ್ಯಾಹ್ನದ ಪಾಳಿಯಿಂದ ಬೆಳಗಿನ ಪಾಳಿಗೆ ಹಾಕಿದ್ದಾರೆ. ಹಳೇ ಜೊತೆಗಾರರ ಮಧ್ಯೆ ಇದ್ದರೆ ಮುಚ್ಚಿಡ್ತಾರೆ ನೋಡಿ. ಹೊಸಬರ ಜೊತೆ ಹದಿನೈದು ದಿನ. ಹೆಂಚು ಎಣಿಸೋನ ಹಾಗೆ ನಾನು ಅಲ್ಲೇ ಕೂತಿರ್ತೀನಿ. ಏನೂ ಆಗದಿದ್ದರೆ ಆ ಪುಟ ಹರಿದುಹಾಕ್ತೀನಿ ಅಂತ ಮ್ಯಾನೇಜರು ಒಪ್ಪಿದ್ದಾರೆ."

"ಗೂಡಿನ ಮೇಲೇ ನಿಲ್ಲಿಸ್ತೀರಾ? ಕರಿಯಣ್ಣನಿಗೆ ಗೊತ್ತಾ ಇದು?"

"ಅವನಿಗೆ ಹೇಳಿದರೆ ನಡವಳಿಕೆ ಬದಲಾಗುತ್ತೆ. ಅವನು ನಾಲ್ಕು ವರ್ಷದಿಂದ ಅಲ್ಲೇ ನಿಂತಿದ್ದಾನಲ್ಲ, ನಾವು ಹೊಸದಾಗಿ ಏನೂ ಮಾಡ್ತಿಲ್ಲ. ನೀವು ಬಾಯಿ ಬಿಟ್ಟರೆ ಮಾತ್ರ ಮ್ಯಾನೇಜರು ಅವತ್ತೇ ಕಳಿಸ್ತಾರೆ. ಅದನ್ನ ಯೋಚನೆ ಮಾಡಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವನು ಲೆಕ್ಕ ಹಾಕಿದ್ದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಜಗದಾಂಬಾ ಅವನ ಮಾತು ಕೇಳುತ್ತಿರಲಿಲ್ಲ.

ಹೊರಗೆ ಬಂದು ಬಸ್ಸಿನಲ್ಲಿ ಕೂತವರಿಗೆ ಮನಸ್ಸು ಎರಡಾಯಿತು. ಲೈನಿಗೆ ಹೋಗಿ ಪುಟ್ಟಲಕ್ಷ್ಮಿಗೆ ಹೇಳಿಬಿಡುವುದು ಸರಿ. ಹೇಳಿದರೆ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ. ಹೇಳದಿದ್ದರೆ ಹದಿನೈದು ದಿನ ಕಳೆದುಹೋಗಬಹುದು. ತಿಂಗಳಿಗೆ ಎರಡೇ ಸಲ ಅಂದಿದ್ದಳಲ್ಲ, ಅದೂ ಹೆಚ್ಚಾಗಿ ಮನೆಯಲ್ಲೇ ಅಂದಿದ್ದಳಲ್ಲ. ಹೀಗೆ ತಮಗೆ ಬೇಕಾದ ಉತ್ತರವನ್ನು ತಾವೇ ಹೇಳಿಕೊಳ್ಳುತ್ತಾ ಶಿವಮೊಗ್ಗ ಮುಟ್ಟಿದರು. ಅದರ ಅಡಿಯಲ್ಲಿ ಇನ್ನೊಂದು ಮಾತೂ ಇತ್ತು, ಅದನ್ನು ಅವರು ಮುಟ್ಟಿ ನೋಡಲಿಲ್ಲ. ಹೇಳಲು ಹೋದರೆ, ಲಿಂಗ ಮುಟ್ಟಿ ಆಡಿದ ಮಾತು ತಪ್ಪಿತು ಎಂದು ತಮ್ಮ ಬಾಯಿಂದಲೇ ಹೇಳಬೇಕಾಗಿತ್ತು.

ಆರನೆಯ ದಿನ ತಡೆಯಲಾರದೆ ಲೈನಿಗೆ ಹೋದರು. ಕೈಯಲ್ಲಿ ನೋಟುಬುಕ್ಕಿಲ್ಲದೆ ಹೋದದ್ದು ಅದೇ ಮೊದಲು. ಪುಟ್ಟಲಕ್ಷ್ಮಿ ರಾಗಿ ಬೀಸುತ್ತಿದ್ದವಳು ಎದ್ದು ಚಾಪೆ ಹಾಕಿದಳು.

"ಯಾಕೋ ಪಾಳಿ ಬದಲಾಯಿಸಿದ್ದಾರೆ ಅಮ್ಮೋರೆ. ಮನೇಲಿ ಒಂದೇ ಸಿಡಿಮಿಡಿ. ಊಟ ಸೇರಲ್ಲ, ನಿದ್ದೆ ಇಲ್ಲ. ಏನು ಅಂದ್ರೆ ಹೇಳಲ್ಲ." ಅವಳು ಮತ್ತೆ ಕೂತು ಬೀಸುವ ಕಲ್ಲಿನ ಗೂಟ ಹಿಡಿದಳು. "ನಾನು ನಿಮ್ಮ ಹತ್ರ ಹೇಳಿದ್ದೇನಾದ್ರೂ... ಎಲ್ಲಾದ್ರೂ..."

ಅವಳ ಕಣ್ಣಲ್ಲಿ ಕಣ್ಣಿಟ್ಟು ಜಗದಾಂಬಾ ಅಂದರು: "ಇಲ್ಲ ಮಾರಾಯ್ತಿ. ಎಲ್ಲೂ ಹೋಗಿಲ್ಲ."

ಮೊದಲಿನದು ತಪ್ಪು, ಇದು ಸುಳ್ಳು. ಎರಡರ ನಡುವಿನ ದೂರ ಎಷ್ಟೆಂಬುದು ಅವರಿಗೆ ಆ ಕ್ಷಣದಲ್ಲೇ ಗೊತ್ತಾಯಿತು.

ಅಷ್ಟರಲ್ಲಿ ಪಾಳಿ ಮುಗಿಸಿ ಕರಿಯಣ್ಣ ಬಂದ. ಗಟ್ಟಿ ಆಳು, ಹುಬ್ಬಿನ ಕೂದಲು ಬೆಂಕಿಯ ಝಳಕ್ಕೆ ಸುಟ್ಟು ಕೆಂಚಾಗಿತ್ತು. ಜಗಲಿಯ ಪಕ್ಕದಲ್ಲಿ ಕಾಲು ತೊಳೆದುಕೊಂಡು, ಟವೆಲಿನಲ್ಲಿ ಮುಖ ಒರೆಸಿಕೊಂಡು ನಿಂತ. ಇಷ್ಟು ದಿನದಿಂದ ಅವನ ಎಲ್ಲ ಗುಟ್ಟು ತಿಳಿದಿದ್ದ ಜಗದಾಂಬಾ ಅವನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ.

"ಚೆನ್ನಾಗಿದ್ದೀಯಾ ಕರಿಯಣ್ಣ?"

"ಹ್ಞೂಂ ಅಮ್ಮೋರೆ" ಅಂದ. ಏನೋ ಹೇಳುವವನಂತೆ ಒಂದು ಗಳಿಗೆ ನಿಂತ. ಜಗದಾಂಬಾ ಎದ್ದು, ಬಸ್ಸಿಗೆ ಹೊತ್ತಾಯಿತು ಎಂದು ಚಪ್ಪಲಿ ಹುಡುಕಿದರು.

ಹನ್ನೊಂದನೆಯ ದಿನ ಮಧ್ಯಾಹ್ನ ಲಕ್ಷ್ಮೀಕಾಂತ ಶಿವಮೊಗ್ಗದ ಮನೆಗೇ ಬಂದ. ಅಂಗಿಯ ಮೇಲೆ ಮಸಿ, ಕನ್ನಡಕದ ಒಂದು ಗಾಜು ಒಡೆದಿತ್ತು. ಶಿವಯೋಗಪ್ಪನವರು ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ" ಅಂದ. ಆಮೇಲೆ ಒಂದೇ ಉಸಿರಿಗೆ ಹೇಳಿದ. ಗೂಡಿನ ಮೇಲೆ ಒಳಗಿನ ಬೆಂಕಿಗೆ ಸೌದೆ ಹಾಕುವ ಬಾಯಿಗಳು ಸಾಲಾಗಿರುತ್ತವೆ. ಇಬ್ಬಿಬ್ಬರ ಜೋಡಿ ಕೆಲಸ, ಒಬ್ಬ ಕಬ್ಬಿಣದ ಮುಚ್ಚಳ ಎತ್ತಬೇಕು, ಇನ್ನೊಬ್ಬ ಸೌದೆ ಇಳಿಸಬೇಕು. ಕರಿಯಣ್ಣ ಸೌದೆ ಹಿಡಿದು ಬಗ್ಗಿದವನು ಹಾಗೇ ಬಿಗಿದುಕೊಂಡ. ಜೊತೆಯಲ್ಲಿದ್ದ ಹುಲಿಯಪ್ಪ ಆ ಪಾಳಿಯವನು, ಅವನಿಗೆ ಏನೂ ತಿಳಿಯದು, ಮುಚ್ಚಳ ಎತ್ತಿ ಹಿಡಿದು ಬೇರೆ ಕಡೆ ನೋಡುತ್ತಿದ್ದ. ಕರಿಯಣ್ಣನ ಬಲಗೈ ಗೂಡಿನ ಬಾಯಿಯೊಳಗೇ ಹೋಯಿತು.

"ನೀವು ಅಲ್ಲೇ ಇದ್ರಲ್ಲ" ಅಂದರು ಜಗದಾಂಬಾ.

ಲಕ್ಷ್ಮೀಕಾಂತ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನಾನು ಗಡಿಯಾರ ನೋಡಿದೆ. ಎಷ್ಟು ಹೊತ್ತು ಇರುತ್ತೆ ಅಂತ ಬರ್ಕೋಬೇಕಿತ್ತು. ಕೈ ಬೆಂಕಿಗೆ ಹೋದದ್ದು ಕಾಣಲೇ ಇಲ್ಲ, ದೇವರಾಣೆ ಕಾಣಲಿಲ್ಲ. ಎಂಟು, ಒಂಬತ್ತು, ಹತ್ತು ಅಂತ ಎಣಿಸ್ತಾ ಇದ್ದೆ."

ಶಿವಯೋಗಪ್ಪನವರು ಎದ್ದು ಒಳಗೆ ಹೋದರು. ಅವರಿಗೆ ಆ ಹುಡುಗನ ಮುಖ ನೋಡುವುದು ಬೇಡವಾಗಿತ್ತು. ಮಗಳ ಮುಖವನ್ನೂ ಅವರು ಸರಿಯಾಗಿ ನೋಡಿದ್ದು ನಾಲ್ಕಾರು ದಿನ ಕಳೆದ ಮೇಲೆಯೇ. ಲಕ್ಷ್ಮೀಕಾಂತ ಆ ವಾರವೇ ಟ್ರಂಕು ಕಟ್ಟಿಕೊಂಡು ಮೈಸೂರಿಗೆ ಹೊರಟುಹೋದ. ಅವನ ಪುಸ್ತಕ ಅಚ್ಚಾಯಿತೋ ಇಲ್ಲವೋ ಜಗದಾಂಬಾ ವಿಚಾರಿಸಲಿಲ್ಲ.

ಅವರು ಶಾಲೆ ಬಿಡಲಿಲ್ಲ. ಆದರೆ ಸೊಪ್ಪಿನವಳ ಹತ್ತಿರ ಸೊಪ್ಪಿನ ಬೆಲೆಯೊಂದನ್ನೇ ಕೇಳುವವರಾದರು. ಯುದ್ಧದ ಕಾಲದಲ್ಲಿ ರೇಷನ್ನಿಗಾಗಿ ಮನೆಮನೆಯ ಜನರ ಪಟ್ಟಿ ಬರೆಯಲು ಉಪಾಧ್ಯಾಯರನ್ನೆಲ್ಲ ಕಳಿಸಿದರು. ಜಗದಾಂಬಾ ಒಲ್ಲೆ ಎಂದರು. ಮೇಲಿನವರು ಗದರಿದರು, ಬಡ್ತಿ ತಪ್ಪಿತು, ಆದರೂ ಒಲ್ಲೆ ಎಂದರು. ಗರ್ವ ಎಂದು ಕೆಲವರು ಆಡಿಕೊಂಡರು. ಗರ್ವವಲ್ಲ ಅದು. ಆಸ್ಪತ್ರೆಯಲ್ಲಿ ಕರಿಯಣ್ಣನನ್ನು ಕಂಡು ಬಂದ ದಿನವನ್ನು ಅವರು ದಾಟಿರಲೇ ಇಲ್ಲ.

ಆ ದಿನಕ್ಕೆ, ಅವನು ಗೂಡಿನ ಮೇಲೆ ಬಿದ್ದು ಮೂರು ದಿನವಾಗಿತ್ತು. ಕರಿಯಣ್ಣನನ್ನು ಶಿವಮೊಗ್ಗದ ಆಸ್ಪತ್ರೆಗೆ ತಂದಿದ್ದರು. ಬಲಗೈ ಮಣಿಕಟ್ಟಿನಿಂದ ಆಚೆಗೆ ಉಳಿದಿರಲಿಲ್ಲ. ಮೊಣಕೈವರೆಗೆ ಬಟ್ಟೆ ಸುತ್ತಿ ದಿಂಬಿನ ಮೇಲೆ ಇಟ್ಟಿದ್ದರು. ಕಾಲ ಬಳಿ ಪುಟ್ಟಲಕ್ಷ್ಮಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಜಗದಾಂಬಾ ಒಳಗೆ ಬಂದದ್ದನ್ನು ನೋಡಿ ಕೂಸಿನ ಮುಖವನ್ನು ಸೆರಗಿನಿಂದ ಮುಚ್ಚಿದಳು, ಬೈಯಲಿಲ್ಲ. ಗೋಡೆಗೆ ಒರಗಿ ಇನ್ನೊಬ್ಬ ಆಳು ನಿಂತಿದ್ದ. ಅವನನ್ನು ಜಗದಾಂಬಾ ಹಿಂದೆ ನೋಡಿರಲಿಲ್ಲ.

ದಾರಿಯುದ್ದಕ್ಕೂ ಒಂದು ಮಾತು ಜೋಡಿಸಿಕೊಂಡು ಬಂದಿದ್ದರು. "ತಪ್ಪು ನನ್ನದು ಕರಿಯಣ್ಣ. ಇವಳು ನನ್ನ ನಂಬಿ ಹೇಳಿದಳು. ನಾನು ನಂಬರು ಬರೆದೆ, ಅದು ಆಫೀಸಿಗೆ ಹೋಯಿತು. ಆಮೇಲೆ ಗೊತ್ತಾದರೂ ನಿಮಗೆ ಹೇಳಲಿಲ್ಲ. ಕೆಲಸ ಹೋಗುತ್ತಲ್ಲ ಅಂತ..."

ಕರಿಯಣ್ಣ ಅವರ ಕಡೆ ಮುಖ ತಿರುಗಿಸಿದ. ಸಿಟ್ಟಿನಿಂದ ಮಾತಾಡಲಿಲ್ಲ. ಸಿಟ್ಟಿನಿಂದ ಆಡಿದ್ದರೆ ಜಗದಾಂಬಾ ತಡೆದುಕೊಳ್ಳುತ್ತಿದ್ದರು.

"ಇವ್ನು ಜಟ್ಟಪ್ಪ ಅಂತ" ಅಂದ, ಗೋಡೆಯ ಬಳಿ ನಿಂತವನ ಕಡೆ ಕಣ್ಣು ಹೊರಳಿಸಿ. "ಮಧ್ಯಾಹ್ನದ ಪಾಳೀಲಿ ನನ್ನ ಜೋಡಿ. ಮೂರ್ಛೆ ಬರೋ ಮುಂಚೆ ನಂಗೆ ಗೊತ್ತಾಗುತ್ತೆ ಅಮ್ಮೋರೆ. ಎಡಗೈ ಹೆಬ್ಬೆರಳು ಅದುರುತ್ತೆ, ಏನೋ ಸುಟ್ಟ ವಾಸನೆ ಬರುತ್ತೆ. ನಾನು ಇವ್ನ ಹೆಸರು ಕೂಗ್ತೀನಿ, ಇವ್ನು ಮುಚ್ಚಳ ಹಾಕಿ ನನ್ನ ಸೊಂಟದ ಟವೆಲು ಹಿಡಿದು ಹಿಂದಕ್ಕೆ ಎಳ್ಕೊಂಡು ಹೋಗಿ ಮಲಗಿಸ್ತಾನೆ. ನಾಲ್ಕು ವರ್ಷದಲ್ಲಿ ಗೂಡಿನ ಮೇಲೆ ಏಳು ಸಲ ಆಗಿದೆ. ಒಂದು ಗೀರು ಬಿದ್ದಿಲ್ಲ. ಇವಳಿಗೆ ಹೇಳಿರಲಿಲ್ಲ, ಹೆದರ್ಕೋತಾಳೆ ಅಂತ."

ಜಟ್ಟಪ್ಪ ತಲೆ ತಗ್ಗಿಸಿದ. "ಪಾಳಿ ಬದಲಾಯ್ಸಿದಾಗ ನಾನು ಮೇಸ್ತ್ರಿ ಕಾಲು ಹಿಡ್ಕೊಂಡೆ, ಇಬ್ರನ್ನೂ ಒಟ್ಟಿಗೆ ಹಾಕಿ ಅಂತ. ಯಾಕೆ ಅಂತ ಕೇಳಿದ್ರು. ಹೇಳಂಗಿರಲಿಲ್ಲ" ಅಂದ.

"ಅವತ್ತು ನೀವು ಮನೆಗೆ ಬಂದಾಗ ಹೇಳೋಣ ಅನ್ನಿಸ್ತು" ಅಂದ ಕರಿಯಣ್ಣ. "ಓದಿದೋರು, ಆಫೀಸಲ್ಲಿ ಒಂದು ಮಾತು ಹೇಳ್ತಾರೇನೋ, ಜಟ್ಟಪ್ಪನ ಪಾಳಿಗೇ ಹಾಕಿಸ್ತಾರೇನೋ ಅಂತ. ನೀವು ಬಸ್ಸಿಗೆ ಹೊತ್ತಾಯ್ತು ಅಂದ್ರಿ."

ಅವನು ಉಳಿದ ಕೈಯಿಂದ ಹೊದಿಕೆಯನ್ನು ಎದೆಯ ತನಕ ಎಳೆದುಕೊಳ್ಳಲು ನೋಡಿದ. ಎಡಗೈಗೆ ಅದು ಇನ್ನೂ ಅಭ್ಯಾಸವಾಗಿರಲಿಲ್ಲ. ಪುಟ್ಟಲಕ್ಷ್ಮಿ ಎದ್ದು ಸರಿಮಾಡಿದಳು.

"ಇವಳನ್ನ ಕೇಳಿದ್ರಿ. ಮ್ಯಾನೇಜರು ನಿಮ್ಮ ಬುಕ್ಕು ಓದಿದ್ರು. ಆ ಕನ್ನಡಕದೋರು ಹತ್ತು ದಿನ ನನ್ನ ಎದುರಿಗೇ ಕೂತು ನೋಡಿದ್ರು. ಇಷ್ಟು ಜನ ನನ್ನ ವಿಷ್ಯ ತಿಳ್ಕೊಂಡ್ರಿ ಅಮ್ಮೋರೆ" ಅಂದ ಕರಿಯಣ್ಣ. "ನನ್ನನ್ನ ಒಬ್ರೂ ಕೇಳಲಿಲ್ಲ."